ಇಪ್ಪತ್ತಮೂರನೆಯ ಪುಟದ ಬೈಲಪ್ಪ

ಬಾಗಿಲು ಮೂರು ಸಲ ಬಡಿಯಿತು.

ಮೊದಲ ಬಡಿತಕ್ಕೆ ಹನುಮಂತರಾಯಪ್ಪನವರು ಬಾಯಿಯ ಬಳಿಗೆ ತಂದಿದ್ದ ಮುದ್ದೆಯ ತುತ್ತನ್ನು ಮರಳಿ ತಟ್ಟೆಗಿಳಿಸಿದರು. ಎರಡನೆಯದಕ್ಕೆ ಅವರ ಪತ್ನಿ ವರಲಕ್ಷ್ಮಮ್ಮ ಸೀಮೆಎಣ್ಣೆ ಬುಡ್ಡಿಯನ್ನು ಕೈಗೆತ್ತಿಕೊಂಡರು. ಮೂರನೆಯದು ಎಷ್ಟು ಜೋರಾಗಿತ್ತೆಂದರೆ, ಸಂಕ್ರಾಂತಿಗೆಂದು ಕಟ್ಟಿದ್ದ ಮಾವಿನ ತೋರಣದಿಂದ ಎರಡು ಎಲೆ ಉದುರಿದವು.

ಹೊರಗೆ, ಪುಷ್ಯಮಾಸದ ಚಳಿಯಲ್ಲಿ ಕಂಬಳಿ ಹೊದ್ದು ನಿಂತಿದ್ದವರು ಬೂದಿಗೆರೆಯ ಗಂಗಣ್ಣ. ಇನ್ನು ಇಪ್ಪತ್ತೆರಡು ದಿನಗಳಲ್ಲಿ ಅವರ ಮಗ ರಾಮಾಂಜಿನಪ್ಪ ಹನುಮಂತರಾಯಪ್ಪನವರ ಮಗಳು ಮುನಿರತ್ನಳ ಕೊರಳಿಗೆ ತಾಳಿ ಕಟ್ಟುವವನಿದ್ದ.

“ಬನ್ನಿ ಬೀಗರೇ, ಬನ್ನಿ! ಇದೇನು ಇಷ್ಟೊತ್ನಲ್ಲಿ? ಕೈಕಾಲು ತೊಳ್ಕೊಳ್ಳಿ, ಅವರೆಕಾಳು ಸಾರು ಇನ್ನೂ ಬಿಸಿಯಾಗೈತೆ...”

ಗಂಗಣ್ಣ ಹೊಸಿಲು ದಾಟಲಿಲ್ಲ. ಕಂಬಳಿಯೊಳಗಿಂದ ಒಂದು ಹಿತ್ತಾಳೆ ತಟ್ಟೆಯನ್ನು ಹೊರತೆಗೆದರು. ಒಂದು ತಿಂಗಳ ಹಿಂದೆ ನಿಶ್ಚಿತಾರ್ಥದಲ್ಲಿ ಹನುಮಂತರಾಯಪ್ಪನವರೇ ಕೈಯಾರೆ ಕೊಟ್ಟಿದ್ದ ತಟ್ಟೆ ಅದು. ಅದರ ಮೇಲೆ ಅದೇ ತೆಂಗಿನಕಾಯಿ, ಒಣಗಿದ ಅದೇ ವೀಳ್ಯದೆಲೆ. ಎಲ್ಲದರ ಮೇಲೊಂದು ತೆಳುವಾದ ಪುಸ್ತಕ. ಅದನ್ನು ಜಗಲಿಯ ಮೇಲಿಟ್ಟರು.

“ಇಪ್ಪತ್ತಮೂರನೇ ಪುಟ,” ಎಂದರು. ಗಾಡಿ ಹತ್ತಿದರು. ಹೋದರು.

ಆ ಪುಸ್ತಕದ ಸಂಗತಿಯನ್ನು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ಸೂಲಿಬೆಲೆಯ ಮಾಧ್ಯಮಿಕ ಶಾಲೆಯಿಂದ ನಿವೃತ್ತರಾದ ಮೇಲೆ ಹನುಮಂತರಾಯಪ್ಪ ಮೇಷ್ಟರಿಗೆ ಗದರಿಸಲು ಹುಡುಗರಿರಲಿಲ್ಲ, ತಿದ್ದಲು ಉತ್ತರಪತ್ರಿಕೆಗಳಿರಲಿಲ್ಲ. ಅವರು ತಮ್ಮ ಪೂರ್ವಿಕರ ಕಡೆಗೆ ತಿರುಗಿದರು. ಎರಡು ವರ್ಷ ದುಡಿದು, ನಲವತ್ತನಾಲ್ಕನೆಯ ಇಸವಿಯಲ್ಲಿ, ‘ಹಿರೇಮನೆ ವಂಶದೀಪ’ ಎಂಬ ಗ್ರಂಥವನ್ನು ದೊಡ್ಡಬಳ್ಳಾಪುರದಲ್ಲಿ ಅಚ್ಚು ಹಾಕಿಸಿದರು. ಯುದ್ಧದ ಕಾಲ, ಕಾಗದ ಸಿಗುತ್ತಿರಲಿಲ್ಲ. ಆದ್ದರಿಂದ ವಂಶದ ಮೂಲಪುರುಷರು ಬಿಳಿಯ ಕಾಗದದ ಮೇಲೂ, ನಡುವಿನ ತಲೆಮಾರಿನವರು ಗಾಳಿಪಟದ ಕೆಂಪು ಕಾಗದದ ಮೇಲೂ, ಮೇಷ್ಟರೂ ಅವರ ಸಮಕಾಲೀನರೂ ಹಳದಿ ಕಾಗದದ ಮೇಲೂ ಮೂಡಿಬಂದರು. ಇನ್ನೂರು ಪ್ರತಿಗಳು ಕೇಳಿದವರಿಗೆ ಯಾರಿಗೂ ಹೋಗಲಿಲ್ಲ, ಏಕೆಂದರೆ ಯಾರೂ ಕೇಳಲಿಲ್ಲ. ಕೇಳದವರ ಮನೆಗೆಲ್ಲ ಮೇಷ್ಟರೇ ನಡೆದುಹೋಗಿ ಕೊಟ್ಟು, ಅರಿಶಿನ ಕುಂಕುಮ ಹಚ್ಚಿಸಿ ಬಂದಿದ್ದರು.

ಮುನ್ನುಡಿಯಲ್ಲಿ ಒಂದು ವಾಕ್ಯವಿತ್ತು: “ಈ ಗ್ರಂಥದ ಆಧಾರ ಹೆಳವರ ಕಡತ, ಇದರಿಂದ ಒಂದು ಹೆಸರನ್ನು ಕಳೆಯುವುದು ಬ್ರಹ್ಮನಿಗೂ ಸಾಧ್ಯವಿಲ್ಲ.”

ಹೆಳವರೆಂದರೆ ಎತ್ತಿನ ಮೇಲೆ ಕುಳಿತು ಊರೂರು ತಿರುಗುವವರು. ಸುಗ್ಗಿಯ ಹೊತ್ತಿಗೆ ಮನೆಯ ಮುಂದೆ ಬಂದು ನಿಂತು, ಆ ಮನೆಯ ಏಳೆಂಟು ತಲೆಮಾರುಗಳನ್ನು ರಾಗವಾಗಿ ಹೇಳಿ, ಹೊಸ ಹೆಸರುಗಳನ್ನು ಕೇಳಿ ಬರೆದುಕೊಂಡು, ರಾಗಿಯನ್ನೋ ತಂಬಿಗೆಯನ್ನೋ ಪಡೆದು ಹೋಗುವವರು. ಅವರ ಬರವಣಿಗೆಯೆಲ್ಲ ಕಡತದಲ್ಲಿ, ಎಂದರೆ ಮಸಿ ಬಳಿದು ಮಡಿಸಿದ ಕಪ್ಪು ಬಟ್ಟೆಯಲ್ಲಿ. ಹಿರೇಮನೆಗೆ ಸಂಬಂಧಿಸಿದ ಹೆಳವ ಚಿಕ್ಕವೆಂಕಟಪ್ಪ ಹಾಡಿದ್ದನ್ನೆಲ್ಲ ಮೇಷ್ಟರು ಅಕ್ಷರ ಬಿಡದೆ ಬರೆದುಕೊಂಡಿದ್ದರು. ಅಲ್ಲಲ್ಲಿ, ಶೈಲಿಗಾಗಿ, ತಮ್ಮದೂ ಒಂದೆರಡು ಮಾತು ಸೇರಿಸಿದ್ದರು.

ಈಗ ಬುಡ್ಡಿಯ ಬೆಳಕಿನಲ್ಲಿ, ಮೇಷ್ಟರು ತಮ್ಮ ಗ್ರಂಥದ ಇಪ್ಪತ್ತಮೂರನೆಯ ಪುಟವನ್ನು ಅಚ್ಚಾದ ಮೇಲೆ ಮೊದಲ ಬಾರಿಗೆ ಓದಿದರು. ಕೆಂಪು ಕಾಗದ. ಹೀಗಿತ್ತು:

“ನಮ್ಮ ಪಿತಾಮಹರಾದ ಮುದ್ದಪ್ಪನವರ ಕಿರಿಯ ಸಹೋದರ ಬೈಲಪ್ಪನವರು ಪತ್ನಿ ಪಾಪಮ್ಮನವರೊಡನೆ ಬೂದಿಗೆರೆ ಗ್ರಾಮಕ್ಕೆ ತೆರಳಿ ನೆಲೆಸಿದರು. ಈ ಶಾಖೆಯವರು ಕಾಲಕ್ರಮದಲ್ಲಿ ತಮ್ಮ ಕುಲದ ಹೆಸರನ್ನೂ ಮರೆತು, ಅನ್ಯಕುಲದವರೆಂದು ಹೇಳಿಕೊಳ್ಳುತ್ತಿರುವುದು ವಿಷಾದನೀಯ.”

ಮೊದಲನೆಯ ವಾಕ್ಯ ಹೆಳವನದು. ಎರಡನೆಯದು ಶೈಲಿ.

“ಗಂಗಣ್ಣೋರ ತಾತನ ಹೆಸರೇನು?” ಎಂದು ವರಲಕ್ಷ್ಮಮ್ಮ ಕೇಳಿದರು.

ಮೇಷ್ಟರು, ಯೋಚನೆ ಬಂದಾಗಲೆಲ್ಲ ಮಾಡುವಂತೆ, ಗದ್ದದ ಮೇಲಿದ್ದ ಹಳೆಯ ಗಾಯದ ಗುರುತನ್ನು ಉಜ್ಜಿಕೊಂಡರು.

“ಬೈಲಪ್ಪ,” ಎಂದಳು ಒಳಗಿಂದ ಮುನಿರತ್ನ. “ಅಜ್ಜಿ ಪಾಪಮ್ಮ. ನಿಶ್ಚಿತಾರ್ಥದಲ್ಲಿ ಹಿರಿಯರಿಗೆ ಎಡೆ ಇಟ್ಟಾಗ ಎರಡು ಸಲ ಹೇಳಿದ್ರು. ನೀವು ಆಗ ಪುರೋಹಿತರಿಗೆ ಪುಸ್ತಕ ಕೊಡ್ತಾ ಇದ್ರಿ.”

ಗಂಗಣ್ಣನೂ ಆ ದಿನವೇ ಒಂದು ಪ್ರತಿ ಪಡೆದಿದ್ದರು. ಹಿಂದಿನ ವಾರ ಜ್ವರ ಬಂದು ಮಲಗಿದಾಗ, ಬೇರೆ ಏನೂ ಓದಲು ಸಿಗದೆ, ಅದನ್ನು ಓದಿದ್ದರು.

“ಅಂದ್ರೆ,” ವರಲಕ್ಷ್ಮಮ್ಮ ಬೆರಳು ಮಡಿಸಿ ಲೆಕ್ಕ ಹಾಕಿದರು, “ನಿಮ್ಮ ತಾತ, ಅವರ ತಾತ ಅಣ್ಣತಮ್ಮಂದಿರು. ನೀವು ಅವರು ಅಣ್ಣತಮ್ಮಂದಿರು. ನಮ್ಮ ರತ್ನ, ಆ ಹುಡುಗ... ಅಯ್ಯೋ ಸಪ್ಪಲಮ್ಮ ತಾಯಿ! ಅಣ್ಣನಿಗೆ ತಂಗೀನ ಕೊಡೋಕ್ ಹೊರಟಿದ್ವಾ?”

ಮೂಲೆಯಲ್ಲಿ ಎಲೆಯಡಿಕೆ ಕುಟ್ಟುತ್ತಿದ್ದ ಮೇಷ್ಟರ ತಾಯಿ ಅಮ್ಮಯಮ್ಮ ಕುಟ್ಟಾಣಿ ನಿಲ್ಲಿಸಿದರು. ಎಂಬತ್ತರ ಹತ್ತಿರದ ಜೀವ.

“ನಮ್ಮ ಮಾವನಿಗೆ ತಮ್ಮ ಎಲ್ಲಿದ್ನೋ? ಒಂಬತ್ತು ವರ್ಷಕ್ಕೆ ಈ ಮನೆ ಸೊಸೆಯಾಗಿ ಬಂದೆ. ಈ ಮನೇಲಿ ಯಾವ ಬೈಲಪ್ಪಂಗೂ ನಾನು ಮುದ್ದೆ ಬಡಿಸಿಲ್ಲ. ಆ ಹೆಸರು ಹೊಡೆದ್ಹಾಕು.”

“ಕಡತದಲ್ಲಿರೋ ಹೆಸರನ್ನ ಹೊಡೆದ್ಹಾಕೋಕೆ ನಾನ್ಯಾರಮ್ಮಾ? ನಿನ್ನದು ಬಾಯಿ ಮಾತು. ಅದು ದಾಖಲೆ!”

“ದಾಖಲೆಯಂತೆ! ಎಂಟನೇ ವಯಸ್ಸಲ್ಲಿ ಎತ್ತಿನ ಮೇಲಿಂದ ಬಿದ್ದಾಗ ಗದ್ದಕ್ಕೆ ಮಾತ್ರ ಪೆಟ್ಟಾಗೈತೆ ಅಂದ್ಕೊಂಡಿದ್ವಿ. ತಲೆಗೂ ಆಗಿತ್ತು ಅಂತ ಈಗ ಗೊತ್ತಾಯ್ತು,” ಎಂದು ಅಮ್ಮಯಮ್ಮ ಮತ್ತೆ ಕುಟ್ಟತೊಡಗಿದರು.

ಮುನಿರತ್ನ ಹೊರಗೆ ಬಂದಳು. ಹಟದ ವಿಷಯದಲ್ಲಿ ಆಕೆ ಅಪ್ಪನ ಮಗಳೇ.

“ಅಪ್ಪಾ, ನಾನು ಒಪ್ಪಿರೋದು ಅವರನ್ನೇ. ಬೇರೆ ಯಾರ ಮಾತಾದ್ರೂ ಎತ್ತಿದ್ರೆ, ಅಟ್ಟದ ಮೇಲೆ ಉಳಿದಿರೋ ನಿಮ್ಮ ವಂಶಾನೆಲ್ಲ ನೀರೊಲೆಗೆ ಹಾಕ್ತೀನಿ.”

ಸಂಶೋಧಕನಿಗೆ ಇಂತಹ ಬೆದರಿಕೆಗಳು ಹೊಸದಲ್ಲ. ಹೆಸರನ್ನು ಅಳಿಸುವಂತಿಲ್ಲ, ಆದರೆ ವಿವರಿಸಬಹುದಲ್ಲ? ಮರುದಿನ ಬೆಳಗ್ಗೆ ಇದ್ದಿಲು ಗ್ಯಾಸಿನ ಬಸ್ಸು ಹತ್ತಿ, ಅದನ್ನು ಎರಡು ಕಡೆ ಇಳಿದು ತಳ್ಳಿ, ಮೇಷ್ಟರು ದೊಡ್ಡಬಳ್ಳಾಪುರ ತಲುಪಿದರು. ಸಂಜೆಗೆ ತಿದ್ದುಪಡಿ ಚೀಟಿ ಅಚ್ಚಾಯಿತು. ಅಂಗೈಯಗಲದ ಬಿಳಿಯ ಕಾಗದ. ಇಪ್ಪತ್ತಮೂರನೆಯ ಪುಟಕ್ಕೆ ಅಂಟಿಸಿಕೊಳ್ಳತಕ್ಕದ್ದು:

“ಹೊಸ ಸಂಶೋಧನೆಯಿಂದ ತಿಳಿದುಬಂದಂತೆ, ಬೈಲಪ್ಪನವರು ಬಾಲ್ಯದಲ್ಲಿಯೇ ಗತಿಸಿದರು.”

ಬಾಲ್ಯದಲ್ಲಿ ಸತ್ತವನಿಗೆ ಸಂತಾನವಿಲ್ಲ. ಸಂತಾನವಿಲ್ಲದವನಿಗೆ ಬೂದಿಗೆರೆಯಲ್ಲಿ ಮೊಮ್ಮಗನಿಲ್ಲ. ಎಂತಹ ನಿರ್ದೋಷವಾದ ತರ್ಕ! ಮೇಷ್ಟರು ಅದನ್ನು ಗಂಗಣ್ಣನಿಗೂ ಪುಸ್ತಕ ಪಡೆದಿದ್ದ ಉಳಿದವರಿಗೂ ಟಪಾಲಿನಲ್ಲಿ ಕಳಿಸಿ, ಚಪ್ಪರದ ಗಳಗಳನ್ನು ನೋಡಲು ಹೋದರು.

ಮೂರನೆಯ ದಿನ ಬೂದಿಗೆರೆಯಿಂದ ಎರಡು ಗಾಡಿ ಬಂದು ಹಿರೇಮನೆಯ ಮುಂದೆ ನಿಂತವು. ಹದಿನೇಳು ಜನ ಇಳಿದರು. ಗಂಗಣ್ಣ ಬಂದಿರಲಿಲ್ಲ. ಮುಂದಾಳು ಅವರ ದೊಡ್ಡಪ್ಪನ ಮಗ ಅಪ್ಪಯ್ಯಣ್ಣ. ಹೊಸಕೋಟೆಯ ಮುನಸೀಫ್ ಕೋರ್ಟಿನಲ್ಲಿ ತನ್ನದೇ ಐದು ವ್ಯಾಜ್ಯ, ಪರರ ಹನ್ನೆರಡು ವ್ಯಾಜ್ಯಗಳನ್ನು ನಡೆಸುತ್ತಿದ್ದ ಮನುಷ್ಯ. ಎಲ್ಲರನ್ನೂ ಎತ್ತರದ ಪ್ರಕಾರ ಸಾಲಾಗಿ ನಿಲ್ಲಿಸಿದ.

“ನೋಡ್ಕಳಿ ಮೇಷ್ಟ್ರೇ. ಬಾಲ್ಯದಲ್ಲೇ ಸತ್ತೋನ ಮೊಮ್ಮಕ್ಕಳು, ಮರಿಮಕ್ಕಳು. ಮುಟ್ಟಿ ನೋಡ್ಕಳಿ. ನಾವೇನು ದೆವ್ವಗಳಾ? ಪಾಪಮ್ಮಜ್ಜಿ ಯಾರನ್ನ ಕಟ್ಕೊಂಡು ನಮ್ಮಪ್ಪನ್ನ ಹೆತ್ಲು? ಅಚ್ಚು ಹಾಕಿಸ್ಬಿಟ್ಟು ಊರಿಗೆಲ್ಲ ಹಂಚಿದ್ದೀರಲ್ಲ, ಹೇಳಿ!”

ಊರು ಸೇರಿತು. ಮೇಷ್ಟರು ತಮ್ಮ ಮಾತನ್ನು ಅಲ್ಲಿಯೇ ಹಿಂದಕ್ಕೆ ತೆಗೆದುಕೊಂಡು, ಬೈಲಪ್ಪನವರನ್ನು ಬದುಕಿಸಿ, ಹದಿನೇಳು ಜನಕ್ಕೂ ಕಾಫಿ ಕೊಡಿಸಿದರು. ಸಕ್ಕರೆಗೆ ಪಡಿತರವಿದ್ದ ಕಾಲ. ವರಲಕ್ಷ್ಮಮ್ಮ ಮದುವೆಯ ಲಾಡುವಿಗೆಂದು ಕೂಡಿಟ್ಟಿದ್ದ ಸಕ್ಕರೆಯಲ್ಲಿ ಮೂರನೆಯ ಒಂದು ಭಾಗ ಅಲ್ಲಿಗೆ ಕರಗಿತು.

“ಅಪ್ಪಾ,” ಎಂದಳು ಮುನಿರತ್ನ ಸಂಜೆ, “ಇವತ್ತಿನ ಲೆಕ್ಕಕ್ಕೆ ಅವರು ನನಗೆ ಅಣ್ಣನಾ, ಇಲ್ಲಾ ಹುಟ್ಟೇ ಇಲ್ವಾ?”

ಈ ನಡುವೆ ಮದುವೆಯ ಅಕ್ಕಿಗೆ ಪರವಾನಗಿ ಪಡೆಯಬೇಕಿತ್ತು. ಪಡಿತರದ ಗುಮಾಸ್ತ ಕನ್ನಡಕದ ಮೇಲಿಂದ ನೋಡಿದ. ಅವನ ಮೇಜಿನ ಮೇಲೆ, ಶಾಯಿ ಕುಡಿಕೆಯ ಕೆಳಗೆ, ‘ವಂಶದೀಪ’ದ ಒಂದು ಪ್ರತಿ ಇತ್ತು; ಮೇಷ್ಟರೇ ಹಿಂದೊಮ್ಮೆ ಕೊಟ್ಟಿದ್ದು.

“ಅರ್ಜಿಯಲ್ಲಿ ಮದುವೆ ಅಂತ ಬರ್ದಿದೀರಿ. ಪುಸ್ತಕದಲ್ಲಿ ನೋಡಿದ್ರೆ ಗಂಡೂ ಹೆಣ್ಣೂ ಒಂದೇ ಮನೆ ಮಕ್ಕಳು. ಒಂದೇ ಮನೆಯವರು ಕೂತು ಉಣ್ಣೋಕೆ ವಿಶೇಷ ಅಕ್ಕಿ ಇಲ್ಲ ಸ್ವಾಮಿ.”

“ಅದು ತಪ್ಪು! ತಿದ್ದುಪಡಿ ಮಾಡಿದ್ದೀನಿ!”

“ಹೌದು, ಚೀಟಿ ಬಂತು, ಅಂಟಿಸ್ಕೊಂಡೆ. ಅದರ ಪ್ರಕಾರ ಗಂಡಿನ ಕಡೆಯೋರು ಯಾರೂ ಹುಟ್ಟೇ ಇಲ್ಲ. ಅಂದ್ರೆ ಎಲೆ ಹಾಕೋದು ಹೆಣ್ಣಿನ ಕಡೆಯೋರಿಗೆ ಮಾತ್ರ. ಆಗ ಅರ್ಧ ಅಕ್ಕಿ ಸಾಕಲ್ವಾ?” ಅವನು ನಗಲಿಲ್ಲ. “ಸಂಬಂಧ ಯಾವುದು ಅಂತ ಇತ್ಯರ್ಥ ಮಾಡ್ಕೊಂಡು ಬನ್ನಿ. ನಾನೇನು ಓಡ್ಹೋಗಲ್ಲ.”

ಕಾಫಿ ಹೋಟೆಲಿನಲ್ಲಿ ಬೈಲಪ್ಪನವರು ಅಷ್ಟು ಹೊತ್ತಿಗೆ ಊರಿನ ರೋಗಿಯಾಗಿಬಿಟ್ಟಿದ್ದರು.

“ಏನ್ ಮೇಷ್ಟ್ರೇ, ಬೈಲಪ್ಪೋರು ಇವತ್ತು ಹೆಂಗವ್ರೆ?”

“ನೆನ್ನೆ ಎದ್ದು ಕೂತಿದ್ರಂತೆ ಕಣೋ.”

“ರಾತ್ರಿ ಮತ್ತೆ ಎಳ್ಕೊಂಡ್ರಾ ಗುರು?”

ಮೇಷ್ಟರು ಹಲ್ಲು ಕಚ್ಚಿ ಮತ್ತೆ ಬಸ್ಸು ಹತ್ತಿದರು, ಮತ್ತೆ ತಳ್ಳಿದರು. ಎರಡನೆಯ ಚೀಟಿ ಹಳದಿ: “ಇನ್ನೂ ಆಳವಾದ ಸಂಶೋಧನೆಯಿಂದ, ಬೈಲಪ್ಪನವರು ದತ್ತು ಮಗನೆಂದು ಖಚಿತವಾಗಿದೆ. ಆದ್ದರಿಂದ ರಕ್ತಸಂಬಂಧವಿರುವುದಿಲ್ಲ.”

ರಕ್ತವೇನೋ ಹೋಯಿತು. ಆದರೆ ಅಪ್ಪಯ್ಯಣ್ಣ ಬಂದ. ಈ ಸಲ ಒಬ್ಬನೇ, ಕೊಡೆ ಹಿಡಿದು, ಬಹಳ ವಿನಯದಿಂದ. ಜಗಲಿಯ ಮೇಲೆ ಕೂತು ಹಿರೇಮನೆಯ ತೊಲೆ, ಕಂಬ, ರಾಗಿ ತುಂಬಿಡುವ ಹಗೇವಿನ ಕಲ್ಲು ಎಲ್ಲವನ್ನೂ ಪ್ರೀತಿಯಿಂದ ನೋಡಿದ.

“ವಕೀಲರಿಗೆ ತೋರಿಸ್ದೆ ಅಣ್ಣಯ್ಯ,” ಎಂದ. ಮೇಷ್ಟರನ್ನು ಅವನು ಅಣ್ಣಯ್ಯ ಎಂದದ್ದು ಅದೇ ಮೊದಲು. “ದತ್ತು ಮಗ ಅಂದ್ರೆ ಹೊಟ್ಟೇಲಿ ಹುಟ್ಟಿದ ಮಗನಿಗೆ ಸಮ ಅಂದ್ರು. ಅಲ್ಲಿಗೆ ಅರ್ಧ ಮನೆ, ಅರ್ಧ ಹೊಲ, ಆ ಹುಣಸೇ ತೋಪಲ್ಲಿ ಅರ್ಧ. ಸಪ್ಪಲಮ್ಮನ ಪೂಜೇಲಿ ಮೊದಲ್ನೇ ವೀಳ್ಯ ಒಂದು ವರ್ಷ ನಿಮಗೆ, ಒಂದು ವರ್ಷ ನಮಗೆ. ಮದುವೆ ಏನೋ ಆಗಲ್ಲ. ದಾಯಾದಿಗಳಾದ್ವಲ್ಲ! ಹೋಗ್ಲಿ ಬಿಡಿ. ಅಡಿಗೆ ಮನೆ ಯಾರಿಗೆ ಬರೋದು?”

ಒಳಗಿನಿಂದ ಕುಟ್ಟಾಣಿಯ ಕಬ್ಬಿಣದ ಕೋಲು ಹಾರಿಬಂದು ಕೊಡೆಯ ಪಕ್ಕದಲ್ಲಿ ಬಿತ್ತು. “ಬಾರೋ ಒಳಗೆ, ತೋರಿಸ್ತೀನಿ ಅಡಿಗೆ ಮನೆ! ನಮ್ಮ ಅತ್ತೆ ಮಾವನಿಗೆ ಮಕ್ಕಳಿರ್ಲಿಲ್ವೇನೋ ದತ್ತು ತಕ್ಕೊಳ್ಳೋಕೆ?” ಎಂಬ ಅಮ್ಮಯಮ್ಮನ ದನಿ ಅದರ ಹಿಂದೆಯೇ ಬಂತು.

ಅಪ್ಪಯ್ಯಣ್ಣ ಕೋಲನ್ನು ಎತ್ತಿ ಒರೆಸಿ, “ಇದರಲ್ಲೂ ಅರ್ಧ,” ಎಂದು ಜಗಲಿಯ ಮೇಲಿಟ್ಟು ಹೋದ.

ಹೀಗೆ, ಅಳಿಯನನ್ನು ಪಡೆಯಲು ಹೊರಟ ಮೇಷ್ಟರು ಹತ್ತು ದಿನದಲ್ಲಿ ಒಬ್ಬ ಪಾಲುದಾರನನ್ನು ಪಡೆದಿದ್ದರು. ಮದುವೆಗೆ ಹನ್ನೊಂದು ದಿನ ಉಳಿದಿತ್ತು. ಆ ಸ್ಥಿತಿಯಲ್ಲಿ ಎಂತಹ ವಿದ್ವಾಂಸನೂ ಮಾಡಬಾರದ ಕೆಲಸವನ್ನು ಅವರು ಮಾಡಿದರು. ಮೂರನೆಯ ಚೀಟಿ ಅಚ್ಚು ಹಾಕಿಸಿದರು. ನೀಲಿ ಕಾಗದ.

“ಅಂತಿಮ ಸಂಶೋಧನೆಯಂತೆ, ಬೈಲಪ್ಪನೆಂಬುವನು ಹಿರೇಮನೆಯ ಬಂಧುವೇ ಅಲ್ಲ, ಆ ಮನೆಯಲ್ಲಿ ದನ ಕಾಯುತ್ತಿದ್ದವನು.”

ಇಷ್ಟು ಹೊತ್ತಿಗೆ ಇಪ್ಪತ್ತಮೂರನೆಯ ಪುಟ ಮೂರು ಚೀಟಿ ಅಂಟಿಸಿಕೊಂಡು ಹಪ್ಪಳದಂತೆ ಸೆಟೆದು ನಿಂತು, ಪುಸ್ತಕವನ್ನು ಮುಚ್ಚಲು ಬಿಡುತ್ತಿರಲಿಲ್ಲ. ಎಲ್ಲಿ ಇಟ್ಟರೂ ಅದೇ ಪುಟಕ್ಕೆ ತೆರೆದುಕೊಳ್ಳುತ್ತಿತ್ತು.

ನೀಲಿ ಚೀಟಿ ಬೂದಿಗೆರೆ ತಲುಪಿದ ಮರುದಿನ, ನಟ್ಟನಡು ಮಧ್ಯಾಹ್ನ, ಗಂಗಣ್ಣನೇ ಬಂದರು. ಜೊತೆಯಲ್ಲಿ ವರ. ರಾಮಾಂಜಿನಪ್ಪ ಬೂದಿಗೆರೆಯ ಗರಡಿಯ ಪೈಲ್ವಾನ. ಮುಂಗೈ ಒನಕೆಯಷ್ಟು, ಮಾತು ಎಳ್ಳಿನಷ್ಟು. ಒಳಬಾಗಿಲ ಕಡೆಗೆ ಒಮ್ಮೆ ನೋಡಿ ತಲೆ ತಗ್ಗಿಸಿದ. ಒಳಬಾಗಿಲ ಹಿಂದೆ ಬಳೆ ಸದ್ದಾಯಿತು.

ಗಂಗಣ್ಣ ಕೂಗಾಡಲಿಲ್ಲ. ಅದೇ ಭಯಂಕರವಾಗಿತ್ತು.

“ಮೇಷ್ಟ್ರೇ, ನಮ್ಮ ತಾತ ದನ ಕಾಯ್ತಿರ್ಲಿಲ್ಲ. ಬೆಲ್ಲದ ವ್ಯಾಪಾರ ಮಾಡ್ತಿದ್ದ. ಸೂಲಿಬೆಲೆ ಸಂತೆಗೆ ಬಂದಾಗೆಲ್ಲ ಅಜ್ಜೀನೂ ಕರ್ಕೊಂಡು ಇದೇ ಜಗಲಿ ಮೇಲೆ ಕೂತು ಮಜ್ಜಿಗೆ ಕುಡೀತಿದ್ನಂತೆ. ನಿಮ್ಮ ಮನೆ ಮಕ್ಕಳಿಗೆ ಬೆಲ್ಲದುಂಡೆ ಕೊಡ್ತಿದ್ನಂತೆ. ಪುಸ್ತಕ ಓದಿದ ಮೇಲೆ ಅನ್ನಿಸ್ತು, ನೆಂಟಸ್ತಿಕೆ ಇಲ್ದೆ ಯಾಕೆ ಬಂದು ಕೂತ್ಕೋತಿದ್ದ ಅಂತ.”

ಅಮ್ಮಯಮ್ಮನ ಕುಟ್ಟಾಣಿ ನಿಂತಿತು.

“ಬೆಲ್ಲದ ಬೈಲಪ್ಪ! ತೆಳ್ಳಗೆ, ಉದ್ದಕ್ಕೆ, ಕಿವಿಗೆ ಒಂಟಿ? ಅಯ್ಯೋ ನಿನ್ನ! ಅವನು ನೆಂಟನಲ್ಲ ಕಣಯ್ಯಾ, ಬೆಲ್ಲದೋನು! ಆ ಪಾಪಮ್ಮಂಗೆ ನಾನೇ ಎಷ್ಟೋ ಸಲ ಮಜ್ಜಿಗೆ ಕೊಟ್ಟಿದ್ದೀನಿ. ಬಿಸಿಲಲ್ಲಿ ಬಂದೋರು ಜಗಲಿ ಮೇಲೆ ಕೂತ್ರೆ ತಮ್ಮನಾಗ್ಬಿಡ್ತಾರಾ?”

ವರಲಕ್ಷ್ಮಮ್ಮ ಕೈಮುಗಿದರು. ಆದರೆ ಗಂಗಣ್ಣ ತಲೆಯಾಡಿಸಿದರು.

“ನಾನು ನಂಬ್ತೀನಿ ಅಮ್ಮಯ್ಯ. ನನ್ನ ಕಡೆ ಇನ್ನೂರು ಜನ ಅವ್ರೆ. ಅವರು ಕೇಳೋದು ಒಂದೇ ಮಾತು: ನೆಂಟ ಅಲ್ದಿದ್ರೆ ಹೆಳವರ ಕಡತಕ್ಕೆ ಆ ಹೆಸರು ಹೆಂಗೆ ಬಂತು? ಬಾಯಿ ಮಾತಲ್ಲ, ದಾಖಲೆ ಬೇಕು ಅಂತ ನೀವೇ ಕಲಿಸಿದ್ದೀರಿ. ಯಾರೋ ಸುಳ್ಳು ಹೇಳಿ ಬರೆಸಿದ್ರೆ, ಆ ಯಾರೋ ಯಾರು ಅಂತ ಸಪ್ಪಲಮ್ಮನ ಗುಡಿ ಮುಂದೆ ತೋರಿಸಿ. ಅವತ್ತೇ ತಟ್ಟೆ ವಾಪಸ್ ತಗೊಂಡ್ಹೋಗ್ತೀನಿ. ತೋರಿಸ್ದೆ ಹೋದ್ರೆ ಮಾಘಕ್ಕೆ ನನ್ನ ಮಗನಿಗೆ ಬೇರೆ ಹೆಣ್ಣು ನೋಡ್ತೀನಿ.”

ಒಳಗೆ ಬಳೆ ಒಡೆದ ಸದ್ದಾಯಿತು.

ಸುಳ್ಳುಸಾಕ್ಷಿ! ಮೇಷ್ಟರ ಕಣ್ಣು ಹೊಳೆಯಿತು. ಮೂವತ್ತು ವರ್ಷ ಸೀಮೆಸುಣ್ಣ ಎಸೆದವನು ಯಾರೆಂದು ಪತ್ತೆಹಚ್ಚಿದ ಮನುಷ್ಯ. ಲಾಭ ಯಾರಿಗೆಂದು ಕೇಳಿದರೆ ಸಾಕು, ಉತ್ತರ ಎದುರಿಗೇ ಇತ್ತು. ಹಿರೇಮನೆಯ ಅರ್ಧಕ್ಕೆ ಆಸೆಪಟ್ಟವನು ಅಪ್ಪಯ್ಯಣ್ಣ; ಹೆಸರು ಸೇರಿದ್ದು ಹಳೆಯ ಕಡತಕ್ಕೆ, ಆಗ ಅವನಿನ್ನೂ ಕೂಸು; ಹಾಗಾದರೆ ಬರೆಸಿದವನು ಅವನ ಅಪ್ಪ. ಈ ತೀರ್ಮಾನಕ್ಕೆ ಬರಲು ಮೇಷ್ಟರಿಗೆ ಅರ್ಧ ಗಳಿಗೆ ಬೇಕಾಯಿತು. ಅದನ್ನು ನಾಲ್ಕನೆಯ ಚೀಟಿಯಾಗಿ ಅಚ್ಚು ಹಾಕಿಸಲು ಒಂದು ದಿನ. ಹಸಿರು ಕಾಗದ. ಕೆಳಗೆ ಸ್ವಂತ ಸಹಿ.

“ಹಿರೇಮನೆಯ ವಂಶಕ್ಕೆ ಸುಳ್ಳು ಹೆಸರನ್ನು ಸೇರಿಸಿದ ಅಪರಾಧಿಯು ಯಾರೇ ಆಗಿರಲಿ, ಬದುಕಿದ್ದಲ್ಲಿ ತಾನೇ, ಇಲ್ಲವಾದಲ್ಲಿ ಅವನ ಹಿರಿಯ ಮಗನು, ಉಭಯ ಗ್ರಾಮಸ್ಥರ ಸಮಕ್ಷಮದಲ್ಲಿ, ವರನನ್ನು ಹೆಗಲ ಮೇಲೆ ಕೂರಿಸಿಕೊಂಡು, ಎತ್ತಿನೋಪಾದಿಯಲ್ಲಿ ಶ್ರೀ ಸಪ್ಪಲಮ್ಮದೇವಿಯ ಗುಡಿಯನ್ನು ಮೂರು ಸುತ್ತು ಬರತಕ್ಕದ್ದು. ಈ ಬಗ್ಗೆ ವಯಸ್ಸು, ನೆಂಟಸ್ತಿಕೆ, ಸೊಂಟನೋವು ಮೊದಲಾದ ಯಾವ ಸಬೂಬನ್ನೂ ಒಪ್ಪಲಾಗುವುದಿಲ್ಲ.”

ಅಪ್ಪಯ್ಯಣ್ಣ ಅವನಪ್ಪನ ಹಿರಿಯ ಮಗ. ಸೊಂಟನೋವು ಅವನಿಗಿದ್ದುದು ಎರಡು ಗ್ರಾಮಗಳಿಗೂ ಗೊತ್ತಿತ್ತು. ರಾಮಾಂಜಿನಪ್ಪನ ತೂಕ ಎರಡು ಮೂಟೆ ರಾಗಿಗಿಂತ ಸ್ವಲ್ಪ ಕಡಿಮೆ.

ಹೆಳವ ಚಿಕ್ಕವೆಂಕಟಪ್ಪ ಆ ವಾರ ಘಾಟಿ ಸುಬ್ರಹ್ಮಣ್ಯದ ಆಸುಪಾಸಿನಲ್ಲಿ ತಿರುಗುತ್ತಿದ್ದಾನೆಂಬ ಸುದ್ದಿ ಬಂದಿತ್ತು. ಮೇಷ್ಟರು ಹೋಗಿ, ಒಂದು ಊರು ಹಿಂದೆ, ಎರಡು ಊರು ಮುಂದೆ ಅಲೆದು, ಕೊನೆಗೊಂದು ಕಣದಲ್ಲಿ ಅವನನ್ನು ಹಿಡಿದರು.

“ಹೇಳಿದವರ ಹೆಸರು ನಿಮ್ಮ ಕಡತದಲ್ಲಿ ಬರೆದಿರ್ತೀರೇನಯ್ಯಾ?”

“ಬರೀದೆ ಇರ್ತೀವಾ ಬುದ್ಧೀ? ಏನು ಹೇಳಿದ್ರು, ಯಾರು ಹೇಳಿದ್ರು, ಏನು ಕೊಟ್ರು, ಮೂರೂ ಬರಿಯೋದು ನಮ್ಮ ಪದ್ಧತಿ. ಹಾಡೋವಾಗ ಮೊದಲ್ನೇದು ಮಾತ್ರ ಹಾಡ್ತೀವಿ. ಉಳಿದದ್ದನ್ನ ಯಾರೂ ಕೇಳಲ್ಲ, ನಾವೂ ಹೇಳಲ್ಲ. ಇದು ನಮ್ಮ ತಾತನ ಕೈಬರಹದ ಕಡತ. ಮೂಟೆ ತಳದಲ್ಲೈತೆ, ಈಗ ಬಿಚ್ಚಕ್ಕಾಗಲ್ಲ. ಗುಡಿ ಮುಂದೆ ಬಂದು ಬಿಚ್ತೀನಿ.”

ಮದುವೆಗೆ ನಾಲ್ಕು ದಿನವಿರುವಾಗ, ಸಪ್ಪಲಮ್ಮನ ಗುಡಿಯ ಮುಂದಿನ ಹೊಂಗೆ ಮರದ ಕೆಳಗೆ ಎರಡು ಊರೂ ಕೂಡಿದವು. ಪಡಿತರದ ಗುಮಾಸ್ತನೂ ರಜ ಹಾಕಿ ಬಂದಿದ್ದ. ಅಕ್ಕಿಯ ಪರವಾನಗಿ ಅವನ ಜೇಬಿನಲ್ಲಿ ಸಹಿಯಿಲ್ಲದೆ ಕಾಯುತ್ತಿತ್ತು. ಕಾಫಿ ಹೋಟೆಲಿನವನು ತನ್ನ ಬಾಯ್ಲರನ್ನೇ ಅಲ್ಲಿಗೆ ಸಾಗಿಸಿದ್ದ. ಗಂಗಣ್ಣ ಕಟ್ಟೆಯ ಒಂದು ತುದಿಯಲ್ಲಿ. ಇನ್ನೊಂದು ತುದಿಯಲ್ಲಿ ಅಮ್ಮಯಮ್ಮ, ವರಲಕ್ಷ್ಮಮ್ಮ, ಮಡಿಲಲ್ಲಿ ಹಿತ್ತಾಳೆ ತಟ್ಟೆ ಇಟ್ಟುಕೊಂಡ ಮುನಿರತ್ನ. ತಟ್ಟೆಯ ಮೇಲಿನ ವೀಳ್ಯವನ್ನು ಆಕೆಯೇ ಬೆಳಗ್ಗೆ ಬದಲಾಯಿಸಿದ್ದಳು.

ಅಪ್ಪಯ್ಯಣ್ಣ ಒಂದೇ ಕಡೆ ನಿಲ್ಲಲಾರದೆ ರಾಮಾಂಜಿನಪ್ಪನ ಸುತ್ತ ಸುತ್ತುತ್ತ, ಅವನನ್ನು ಮೇಲಿಂದ ಕೆಳಗೆ ಅಳೆಯುತ್ತಿದ್ದ.

“ಬೆಳಗ್ಗೆ ಏನು ತಿಂದ್ಯೋ?”

“ಆರು ಮುದ್ದೆ ದೊಡ್ಡಪ್ಪ,” ಎಂದ ವರ.

ಅಪ್ಪಯ್ಯಣ್ಣ ಕಣ್ಣು ಮುಚ್ಚಿಕೊಂಡ.

ಹೆಳವ ಎತ್ತಿನಿಂದಿಳಿದು, ಗಂಟೆ ಬಾರಿಸಿ, ದೇವಿಗೆ ಕೈಮುಗಿದು, ಕಡತವನ್ನು ಬಿಚ್ಚಿದ. ಕಪ್ಪು ಬಟ್ಟೆಯ ಮಡಿಕೆಗಳು ಒಂದೊಂದಾಗಿ ಕಟ್ಟೆಯುದ್ದಕ್ಕೂ ಹಾಸಿಕೊಂಡವು. ಮೇಷ್ಟರು ಸೊಂಟದ ಮೇಲೆ ಕೈಯಿಟ್ಟು ಅಪ್ಪಯ್ಯಣ್ಣನ ಎದುರಿಗೇ ನಿಂತರು.

“ಓದಪ್ಪಾ. ಜೋರಾಗಿ ಓದು. ಕೆಲವರಿಗೆ ಕೇಳಿಸ್ಬೇಕು.”

“ವಿಳಂಬಿ ಸಂವತ್ಸರದ ಪುಷ್ಯ ಬಹುಳ,” ಚಿಕ್ಕವೆಂಕಟಪ್ಪ ರಾಗ ಹಿಡಿದ. “ಸೂಲಿಬೆಲೆ ಹಿರೇಮನೆ. ಮನೆಯ ದೊಡ್ಡವರೆಲ್ಲ ಕಣದಲ್ಲಿ ರಾಗಿ ತುಳಿಸುತ್ತಿದ್ದರು. ಮನೆಯಲ್ಲಿದ್ದವರಿಂದ ತಿಳಿದದ್ದು: ಮುದ್ದಪ್ಪನ ತಮ್ಮ ಬೈಲಪ್ಪ. ಹೆಂಡತಿ ಪಾಪಮ್ಮ. ಊರು ಬೂದಿಗೆರೆ.”

“ಮನೆಯಲ್ಲಿದ್ದವರಂತೆ! ಮನೆಗೆ ನುಗ್ಗಿದವರು ಅನ್ನು!” ಎಂದರು ಮೇಷ್ಟರು. “ಮುಂದೆ? ಕೊಟ್ಟ ಕಾಣಿಕೆ?”

ಹೆಳವ ಮಡಿಕೆಯನ್ನು ಬೆಳಕಿಗೆ ಹಿಡಿದ. ಹುಬ್ಬು ಮೇಲೇರಿತು.

“ಕಾಣಿಕೆ ಕೊಟ್ಟಿಲ್ಲ ಬುದ್ಧೀ. ನಮ್ಮ ತಾತನೇ ಕೊಟ್ಟವ್ನೆ. ಕೇಳಿ: ‘ಒಂದೊಂದು ಮಾತಿಗೆ ಎತ್ತಿನ ಮೇಲೆ ಒಂದೊಂದು ಸುತ್ತು ಕೂರಿಸಬೇಕೆಂದು ಹಟ ಹಿಡಿಯಲಾಗಿ, ಬೈಲಪ್ಪನಿಗೆ ಒಂದು, ಪಾಪಮ್ಮನಿಗೆ ಒಂದು, ಬೂದಿಗೆರೆಗೆ ಒಂದು, ಒಟ್ಟು ಮೂರು ಸುತ್ತು ಕೂರಿಸಲಾಯಿತು.’”

ಜನ ಹೋ ಎಂದು ನಕ್ಕರು. ಅಪ್ಪಯ್ಯಣ್ಣ ಒಂದು ಕಣ್ಣು ತೆರೆದ. ನಗದೆ ಉಳಿದವರು ಇಬ್ಬರೇ. ಅಮ್ಮಯಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ಮಗನ ಗದ್ದವನ್ನೇ ನೋಡುತ್ತಿದ್ದರು. ಮೇಷ್ಟರು ಕೋಪದಿಂದ ಒಂದು ಹೆಜ್ಜೆ ಮುಂದೆ ಬಂದರು.

“ಮೂರು ಸುತ್ತು ಸವಾರಿಗಾಗಿ ಒಂದು ವಂಶವನ್ನೇ ಕೆಡಿಸಿದ ಆ ಅವಿವೇಕಿ ಯಾರು? ನನ್ನ ಮಗಳ ಬಾಳಿಗೆ ಬೆಂಕಿಯಿಟ್ಟವನು ಯಾರು? ಹೆಸರು ಓದಪ್ಪಾ, ಹೆಸರು! ಸಬೂಬು ನಡೆಯಲ್ಲ!” ಎಂದು ಕೂಗಿ, ಅಭ್ಯಾಸದಂತೆ ಗದ್ದದ ಗಾಯದ ಗುರುತಿಗೆ ಕೈ ಒಯ್ದರು.

ಕೈ ಅಲ್ಲಿಯೇ ನಿಂತಿತು.

ಮುನಿರತ್ನ ತಟ್ಟೆಯನ್ನು ಗಂಗಣ್ಣನ ಕಡೆಗೆ ಮೆಲ್ಲಗೆ ಸರಿಸಿದಳು. ಗುಮಾಸ್ತ ಪರವಾನಗಿಯನ್ನು ಹೊರತೆಗೆದು ಸಹಿಗೆ ಜಾಗ ಹುಡುಕಿದ. ರಾಮಾಂಜಿನಪ್ಪ ಪಂಚೆಯನ್ನು ಮೊಣಕಾಲಿನ ಮೇಲಕ್ಕೆತ್ತಿ ಕಟ್ಟಿಕೊಂಡು, ಭಾವೀ ಮಾವನ ಬೆನ್ನ ಹಿಂದೆ ವಿನಯದಿಂದ ಬಂದು ನಿಂತ.

ಹೆಳವ ಕೊನೆಯ ಮಡಿಕೆಯನ್ನು ಬಿಚ್ಚಿ ಓದಿದ: “ಹೇಳಿದವನು, ಮುದ್ದಪ್ಪನ ಮೊಮ್ಮಗ ಹನುಮಂತರಾಯ, ವಯಸ್ಸು ಎಂಟು.”